ಕುಡಿತ ಬಿಟ್ಟ ಅಣ್ಣನಿಗೆ ಹಳೆಯದು ನೆನಪಾಗಲಿ ಅಂತ ವರ್ಚುವಲ್ ಅವತಾರ್ ಮಾಡಿಸಬಹುದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಣ್ಣ ಕುಡಿತ ಬಿಟ್ಟು ಐದು ತಿಂಗಳಾಗಿದೆ. ಕೌನ್ಸೆಲರ್ ‘ಕುಡಿತದ ದಿನಗಳನ್ನು ನೆನಪು ಮಾಡಿಕೊಂಡು ಬರೆಯಿರಿ’ ಅಂದಿದ್ದಾರೆ, ಅವರಿಗೆ ಏನೂ ನೆನಪಿಗೆ ಬರುತ್ತಿಲ್ಲ. ಕಂಪ್ಯೂಟರಿನಲ್ಲಿ ಅವರದೇ ರೂಪ ಮಾಡಿಸಿ, ಚಿಕ್ಕಪ್ಪನ ಮಗಳ ಮದುವೆಯ ರಾತ್ರಿ ಅವರು ಆಡಿದ್ದನ್ನೆಲ್ಲ ಆ ರೂಪದಿಂದ ಆಡಿಸಿ ತೋರಿಸಿದರೆ ನೆನಪಾಗುತ್ತದಾ ಅಂತ ಕೇಳಿದ್ದೀರಿ. ಆ ರಾತ್ರಿಯ ವಿಡಿಯೊ ನಿಮ್ಮ ಹತ್ತಿರ ಇದೆ.

ಅವತಾರ್ ಉಪಯೋಗಕ್ಕೆ ಬರುತ್ತದೆ. ನನಗೇ ಬಂದಿದೆ. ಆದರೆ ಆ ಮದುವೆಯ ರಾತ್ರಿಯನ್ನು ಮಾತ್ರ ದಯವಿಟ್ಟು ಮಾಡಿಸಬೇಡಿ. ಯಾಕೆ ಅಂತ ಹೇಳುತ್ತೇನೆ. ನಾನು ಡಾಕ್ಟರ್ ಅಲ್ಲ. 2016ರ ಆಗಸ್ಟಿನಲ್ಲಿ ಕುಡಿತ ಬಿಟ್ಟವನು, ಈಗ ಹೊಸದಾಗಿ ಬಿಟ್ಟವರ ಜೊತೆ ಕೂರುವವನು, ಅಷ್ಟೇ.

ಮೊದಲು ಒಂದು ಮಾತು. ನಿಮ್ಮ ಅಣ್ಣ ಸುಳ್ಳು ಹೇಳುತ್ತಿಲ್ಲದೇ ಇರಬಹುದು. ‘ಎಲ್ಲ ಗೊತ್ತಿದ್ದೂ ನಾಟಕ ಆಡುತ್ತಾನೆ’ ಅಂತ ಅಮ್ಮ ಬೈಯುತ್ತಾರೆ ಎಂದು ಬರೆದಿದ್ದೀರಿ. ನಮ್ಮ ಮನೆಯಲ್ಲೂ ಹಾಗೇ ಅನ್ನುತ್ತಿದ್ದರು. ಬ್ಲ್ಯಾಕೌಟ್ ಅಂತ ಒಂದಿದೆ. ಬಿದ್ದು ಮೈಮರೆಯುವುದು ಬೇರೆ, ಇದು ಬೇರೆ. ಬ್ಲ್ಯಾಕೌಟಿನಲ್ಲಿ ಮನುಷ್ಯ ಎಚ್ಚರವಾಗಿಯೇ ಇರುತ್ತಾನೆ. ಮಾತಾಡುತ್ತಾನೆ, ಜಗಳ ಆಡುತ್ತಾನೆ, ನಡೆದು ಮನೆಗೂ ಬರುತ್ತಾನೆ. ಆದರೆ ಆಗ ನಡೆದದ್ದನ್ನು ನೆನಪಾಗಿ ಬರೆದಿಡಬೇಕಾದ ಮಿದುಳಿನ ಭಾಗ, ಹಿಪ್ಪೊಕ್ಯಾಂಪಸ್, ಕೆಲಸ ನಿಲ್ಲಿಸಿರುತ್ತದೆ. ಅಕ್ಕನ ಮೊಮ್ಮಗಳ ನಾಮಕರಣದ ದಿನ ನಾನು ಮನೆ ತನಕ ನಡೆದು ಬಂದೆನಂತೆ, ಚಿಲಕ ಹಾಕಿದೆನಂತೆ, ಅಪ್ಪನ ಜೊತೆ ಅರ್ಧ ಗಂಟೆ ಮಾತಾಡಿದೆನಂತೆ. ಎಲ್ಲ ‘ಅಂತೆ’. ನನ್ನ ಒಳಗೆ ಅದು ಇಲ್ಲವೇ ಇಲ್ಲ. ಬರೆಯದ ಪುಟವನ್ನು ಯಾವ ಅವತಾರ್ ತಂದು ಓದಿಸುತ್ತದೆ ಹೇಳಿ?

ಕೆಲವು ರಾತ್ರಿಗಳು ಪೂರ್ತಿ ಅಳಿಸಿರುವುದಿಲ್ಲ. ತುಣುಕು ತುಣುಕಾಗಿ ಉಳಿದಿರುತ್ತವೆ. ಯಾರಾದರೂ ಸುಳಿವು ಕೊಟ್ಟರೆ ಹೊಳೆಯುತ್ತವೆ. ಆದರೆ ಹೊಳೆದದ್ದು ತನ್ನ ನೆನಪೋ, ಬೇರೆಯವರ ಬಾಯಿಂದ ಕೇಳಿದ್ದೋ, ಅವನಿಗೇ ತಿಳಿಯುವುದಿಲ್ಲ.

ಇನ್ನೊಂದನ್ನು ಡಾಕ್ಟರ್ ಹತ್ತಿರ ಕೇಳಲೇಬೇಕು. ವರ್ಷಗಟ್ಟಲೆ ಊಟ ಬಿಟ್ಟು ಕುಡಿದವರಿಗೆ ಥಯಮಿನ್, ಅಂದರೆ ಬಿ1 ವಿಟಮಿನ್, ತೀರಾ ಕಡಿಮೆಯಾಗಿ ಮಿದುಳಿಗೇ ಪೆಟ್ಟಾಗಬಹುದು. ಇದಕ್ಕೆ ಕೊರ್ಸಕಾಫ್ ಅಂತ ರಷ್ಯಾದ ಡಾಕ್ಟರರ ಹೆಸರಿದೆ. ಅವರು ಇದನ್ನು 1887ರಲ್ಲೇ ಬರೆದಿಟ್ಟಿದ್ದರು. ಇಂಥವರಿಗೆ ಹೊಸ ವಿಷಯವೂ ನಿಲ್ಲುವುದಿಲ್ಲ. ಖಾಲಿ ಜಾಗಕ್ಕೆ ಮನಸ್ಸು ತಾನೇ ಕಥೆ ತುಂಬಿಬಿಡುತ್ತದೆ, ಬೇಕಂತ ಅಲ್ಲ. ನಿಮ್ಮ ಅಣ್ಣ ನಿನ್ನೆ ಮೊನ್ನೆಯದನ್ನೂ ಮರೆಯುತ್ತಿದ್ದರೆ ಅವತಾರ್ ವಿಷಯ ಬದಿಗಿಟ್ಟು ತಡಮಾಡದೆ ತೋರಿಸಿ.

ಈ ಎರಡೂ ಅಲ್ಲದ ಮೂರನೆಯ ಮರೆವೇ ಹೆಚ್ಚಿನವರಲ್ಲಿ ನಾನು ನೋಡಿರುವುದು. ನೆನಪು ಇರುತ್ತದೆ, ಆದರೆ ಮೊತ್ತವಾಗಿ. ‘ಕುಡೀತಿದ್ದೆ, ಮನೇಲಿ ಜಗಳ ಆಗ್ತಿತ್ತು, ದುಡ್ಡು ಹಾಳಾಯ್ತು.’ ಒಂದು ದಿನ ಹೇಳಿ ಅಂದರೆ ಬಾಯಿ ಕಟ್ಟುತ್ತದೆ. ನನ್ನ ಕೌನ್ಸೆಲರ್ ಕೂಡ ‘ಒಂದೇ ಒಂದು ದಿನ ಹೇಳಿ, ಬೆಳಗ್ಗೆಯಿಂದ ಸಂಜೆ ತನಕ’ ಅಂತ ತಿಂಗಳುಗಟ್ಟಲೆ ಕೇಳಿದರು. ನಾನು ಬರೀ ಮೊತ್ತ ಹೇಳುತ್ತಿದ್ದೆ. ಮೊತ್ತ ಹೇಳುವುದರಲ್ಲಿ ನೋವಿಲ್ಲ, ಅಲ್ವಾ?

ಅವತಾರ್ ಕೆಲಸ ಮಾಡಿದ್ದು ಇಲ್ಲಿ. 2022ರಲ್ಲಿ ಅಕ್ಕನ ಮಗ ಬೆಂಗಳೂರಿನಲ್ಲಿ ಆನಿಮೇಷನ್ ಕಲಿಯುತ್ತಿದ್ದ. ‘ಮಾಮ, ನಿಮ್ಮ ಹಳೇ ಫೋಟೊ ಕೊಡಿ’ ಅಂದ. ನನ್ನ ಒಪ್ಪಿಗೆ ಕೇಳಿಯೇ ಮಾಡಿದ. 2014ರ ಮೂರು ನಾಲ್ಕು ಫೋಟೊ ಕೊಟ್ಟೆ. ಒಂದು ಭಾನುವಾರ ಲ್ಯಾಪ್‌ಟಾಪ್ ತಂದು ತೋರಿಸಿದ. ಹಳೆಯ ನಾನು ಒಂದು ಕುರ್ಚಿಯಲ್ಲಿ ಕೂತಿದ್ದೆ. ಊದಿದ ಮುಖ, ನೀಲಿ ಚೌಕಳಿ ಅಂಗಿ, ಮಡಚಿದ ತೋಳು. ಆ ಕಾಲದಲ್ಲಿ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ‘ಏನ್ರೀ ಇದು ನಿಮ್ಮ ಅವತಾರ’ ಅನ್ನುತ್ತಿದ್ದಳು. ಆ ಮಾತು ತಾನಾಗಿ ಕಿವಿಯಲ್ಲಿ ಕೇಳಿಸಿತು.

ಹುಡುಗ ಮೌಸಿನಲ್ಲಿ ಅದನ್ನು ನಿಧಾನ ತಿರುಗಿಸಿದ. ಎಡಗೈ ಮುಂದೆ ಬಂತು. ಮಣಿಕಟ್ಟು ಖಾಲಿ ಇತ್ತು. ವಾಚಿನ ಜಾಗದಲ್ಲಿ ಬೆಳ್ಳಗಿನ ಪಟ್ಟಿ. ಫೋಟೊದಲ್ಲಿ ಇದ್ದದ್ದನ್ನೇ ಅವನು ಹಾಗೆ ಬಿಡಿಸಿದ್ದ.

ಅಪ್ಪ ಮೇಷ್ಟ್ರಾಗಿದ್ದವರು. ಅವರು ರಿಟೈರ್ ಆದಾಗ ಶಾಲೆಯವರು ಎಚ್‌ಎಂಟಿ ಜನತಾ ವಾಚು ಕೊಟ್ಟಿದ್ದರು. ದಿನಾ ಕೀಲಿ ಕೊಡುವ ವಾಚು. ಅದನ್ನು ಅವರು ನನ್ನ ಕೈಗೆ ಕಟ್ಟಿದ್ದರು. ‘ಬಸ್ಸಿನಲ್ಲಿ ಕಳೆದುಹೋಯಿತು’ ಅಂತ ಮನೆಯಲ್ಲಿ ಹೇಳಿದ್ದೆ. ಎಷ್ಟು ಸಲ ಹೇಳಿದ್ದೆನೆಂದರೆ ನಾನೇ ನಂಬಿದ್ದೆ. ಆ ಬಿಳಿ ಪಟ್ಟಿ ನೋಡುತ್ತಿದ್ದಂತೆ ಇಡೀ ದಿನ ಎದ್ದು ಬಂತು. ಹಾಸನದ ಬಸ್‌ಸ್ಟ್ಯಾಂಡ್ ಹತ್ತಿರದ ವಾಚ್ ರಿಪೇರಿ ಅಂಗಡಿ. ಮಳೆ ನಿಂತು ರಸ್ತೆ ಒದ್ದೆಯಾಗಿತ್ತು. ಅಂಗಡಿಯವರು ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ವಾಚಿನ ಹಿಂಬದಿ ತೆಗೆದು ನೋಡಿದರು. ಎರಡು ಸುತ್ತು ಕೀಲಿ ಕೊಟ್ಟು ಕಿವಿಗೆ ಹಿಡಿದುಕೊಂಡರು. ಆಮೇಲೆ ನನ್ನ ಮುಖ ನೋಡಿ ‘ತಂದೆಯವರದಾ?’ ಅಂತ ಕೇಳಿದರು. ‘ಅಲ್ಲ’ ಅಂದೆ. 250 ರೂಪಾಯಿ ಕೊಟ್ಟರು. ಬೆಳಗ್ಗೆ ಹನ್ನೊಂದು ಗಂಟೆ. ಆಗ ನಾನು ಕುಡಿದಿರಲಿಲ್ಲ, ಕೈ ಮಾತ್ರ ನಡುಗುತ್ತಿತ್ತು.

ಆ ನೆನಪು ಬರೆದಿಟ್ಟದ್ದೇ ಆಗಿತ್ತು, ನಾನು ಪುಟ ಮುಚ್ಚಿದ್ದೆ. ನನ್ನ ಬ್ಲ್ಯಾಕೌಟುಗಳಿಗಿಂತ ಈ ಹನ್ನೊಂದು ಗಂಟೆಯ ‘ಅಲ್ಲ’ ನನಗೆ ಕುಡಿತ ಏನು ಅಂತ ಜಾಸ್ತಿ ತಿಳಿಸಿತು. ಆ ವಾರ ಕೌನ್ಸೆಲರ್‌ಗೆ ಒಂದು ಪೂರ್ತಿ ದಿನ ಹೇಳಿದೆ.

ಆದರೆ ಅದೇ ಸಂಜೆ ನನಗೆ ತಲುಬು ಎದ್ದಿತು. ಬಿಟ್ಟು ಆರು ವರ್ಷವಾಗಿತ್ತು, ಆದರೂ ಬಾಯಿ ಒಣಗಿ, ಕಾಲು ತಾನಾಗಿ ಚಪ್ಪಲಿ ಹುಡುಕಿತು. ಕುಡಿತ ಬಿಟ್ಟವರು ಸೇರುವ ಮೀಟಿಂಗಿನ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಅವರು ಬಂದು ರಾತ್ರಿ ಹತ್ತರ ತನಕ ಜಗುಲಿಯಲ್ಲಿ ಕೂತರು. ನಿಮ್ಮ ಅಣ್ಣನದು ಇನ್ನೂ ಐದೇ ತಿಂಗಳು. ಇದನ್ನು ಮರೆಯಬೇಡಿ.

ಹೊರದೇಶಗಳಲ್ಲಿ ಇದನ್ನು ಹೇಗೆ ಮಾಡುತ್ತಿದ್ದಾರೆ ಅಂತಲೂ ಕೇಳಿದ್ದೀರಿ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಬ್ರ್ಯಾಂಡನ್ ಓಬರ್ಲಿನ್ ಅವರ ತಂಡ ಆಗಷ್ಟೇ ಚಟ ಬಿಟ್ಟ 21 ಜನರ ಜೊತೆ ನಡೆಸಿದ ಕೆಲಸ 2022ರಲ್ಲಿ ಪ್ರಕಟವಾಯಿತು. ಕಣ್ಣಿಗೆ ಕಟ್ಟಿಕೊಂಡು ಕಂಪ್ಯೂಟರಿನ ಲೋಕದ ಒಳಗೇ ಇರುವಂತೆ ನೋಡುವ ವಿಆರ್ ಹೆಡ್‌ಸೆಟ್ ಹಾಕಿದರೆ ಎದುರಿಗೆ 15 ವರ್ಷದ ನಂತರದ ತಾನೇ. ಒಂದು ರೂಪ ಚಟ ಬಿಟ್ಟು ಉಳಿದದ್ದು, ಇನ್ನೊಂದು ಮತ್ತೆ ಬಿದ್ದದ್ದು. ಅವರವರ ಬದುಕಿನ ವಿವರಗಳನ್ನೇ ಆ ರೂಪಗಳು ಮಾತಾಡುತ್ತವೆ. ಗಮನಿಸಿ, ಇಲ್ಲಿ ಹಳೆಯದನ್ನು ಅಗೆಯುತ್ತಿಲ್ಲ. ಚಟ ಹಿಡಿದವನಿಗೆ ಈ ಸಂಜೆಯ ಕ್ವಾರ್ಟರ್ ಬೆಟ್ಟದಷ್ಟು ದೊಡ್ಡದಾಗಿ ಕಾಣುತ್ತದೆ, ಹತ್ತು ವರ್ಷದ ನಂತರದ ಲಿವರ್ ಸಾಸಿವೆಯಷ್ಟು. ಮುಂದಿನ ತನ್ನನ್ನು ಕಣ್ಣಾರೆ ಕಂಡರೆ ಆ ಅಳತೆ ಸ್ವಲ್ಪ ಸರಿಹೋಗಬಹುದು ಅನ್ನುವುದು ಲೆಕ್ಕ. 2011ರಲ್ಲಿ ಹಾಲ್ ಹರ್ಷ್‌ಫೀಲ್ಡ್ ಮತ್ತು ಜೊತೆಗಾರರು ಇದನ್ನೇ ಹಣದ ವಿಷಯದಲ್ಲಿ ನೋಡಿದ್ದರು. ತಮ್ಮದೇ ಮುದಿ ರೂಪ ಕಂಡವರು ನಿವೃತ್ತಿಗೆ ಅಂತ ಹೆಚ್ಚು ಹಣ ತೆಗೆದಿಡುತ್ತೇವೆ ಅಂದರು. ಆದರೆ 21 ಜನ ಅಂದರೆ ಬಹಳ ಚಿಕ್ಕ ಗುಂಪು. ಇದೇ ಔಷಧಿ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ.

ಲಂಡನ್ನಿನಲ್ಲಿ ಜೂಲಿಯನ್ ಲೆಫ್ ಅನ್ನುವ ಡಾಕ್ಟರ್ ಶುರು ಮಾಡಿದ ಅವತಾರ್ ಚಿಕಿತ್ಸೆ ಯಾರೂ ಮಾತಾಡದಿದ್ದರೂ ಕಿವಿಯಲ್ಲಿ ದನಿ ಕೇಳಿಸುವ ಕಾಯಿಲೆಯವರಿಗೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಅದನ್ನು ಗಾಂಜಾ ಬಿಡುವವರಿಗೆ ಹೊಂದಿಸಿದ್ದಾರೆ. ಅಲ್ಲಿ ಅವತಾರ್ ಸೇದಲು ಕರೆಯುವ ಗೆಳೆಯನ ರೂಪದಲ್ಲೂ ಬರಬಹುದು. ಅವನಿಗೆ ‘ಬೇಡ’ ಅಂತ ಹೇಳಿ ಹೇಳಿ ರೂಢಿ ಮಾಡಿಕೊಳ್ಳುವುದು. ಈ ಎರಡು ಚಿಕಿತ್ಸೆಯಲ್ಲೂ ಪಕ್ಕದಲ್ಲಿ ಅಥವಾ ಪಕ್ಕದ ಕೋಣೆಯಲ್ಲಿ ಚಿಕಿತ್ಸೆ ಕೊಡುವವರು ಇದ್ದೇ ಇರುತ್ತಾರೆ.

ಈಗ ನಿಮ್ಮ ವಿಡಿಯೊ ವಿಷಯ. ಸ್ಟ್ಯಾನ್‌ಫರ್ಡ್‌ನವರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಚಿಕ್ಕ ಮಕ್ಕಳಿಗೆ ಅವರದೇ ರೂಪ ತಿಮಿಂಗಿಲಗಳ ಜೊತೆ ಈಜುವುದನ್ನು ವಿಆರ್‌ನಲ್ಲಿ ತೋರಿಸಿದರು. ಕೆಲವು ದಿನಗಳ ನಂತರ ಕೆಲವು ಮಕ್ಕಳು ‘ನಾನು ನಿಜವಾಗಿ ಈಜಿದ್ದೆ’ ಅಂತ ನಂಬಿದ್ದರು. ದೊಡ್ಡವರು ಮಕ್ಕಳಷ್ಟು ಸುಲಭವಾಗಿ ನಂಬಲಿಕ್ಕಿಲ್ಲ. ಆದರೆ ನಿಮ್ಮ ಅಣ್ಣನಿಗೆ ಆ ರಾತ್ರಿಯದು ಏನೂ ಇಲ್ಲ. ಖಾಲಿ ಜಾಗದಲ್ಲಿ ನೀವು ಇಟ್ಟದ್ದೇ ಕೂರುತ್ತದೆ. ಅವತಾರ್ ಅಮ್ಮನನ್ನು ತಳ್ಳಿದರೆ, ನಾಳೆ ಅವರು ‘ಹೌದು, ನೆನಪಾಯಿತು’ ಅನ್ನುತ್ತಾರೆ. ಅದು ಅವರ ನೆನಪಲ್ಲ, ನಿಮ್ಮದು. ತಳ್ಳಿದರೋ, ಕೈ ಕೊಡವಿದರೋ ಅಂತ ನಿಮ್ಮ ಮನೆಯಲ್ಲೇ ಇಬ್ಬರು ಎರಡು ರೀತಿ ಹೇಳುತ್ತಾರೆ ಅಂತ ನೀವೇ ಬರೆದಿದ್ದೀರಿ. ಅವತಾರಿಗೆ ಯಾವುದನ್ನು ಮಾಡಿಸುತ್ತೀರಿ?

ಆ ರಾತ್ರಿ ಏನಾಯಿತು ಅಂತ ತಿಳಿಯುವ ಹಕ್ಕು ಅವರಿಗಿದೆ. ಅವರಾಗಿ ಕೇಳಿದಾಗ ಬಾಯಲ್ಲಿ ಹೇಳಿ. ‘ನಾನು ನೋಡಿದ್ದು ಇಷ್ಟು, ಅಮ್ಮ ಹೇಳಿದ್ದು ಇದು’ ಅಂತ ಬೇರೆ ಬೇರೆಯಾಗಿ ಹೇಳಿ. ಅವರು ಅದನ್ನು ‘ಮನೆಯವರು ಹೇಳಿದ್ದು’ ಅಂತಲೇ ಬರೆದುಕೊಳ್ಳಲಿ. ನಾಚಿಕೆ ಹೆಚ್ಚಾದಾಗ ನಮ್ಮಂಥವರಿಗೆ ಗೊತ್ತಿರುವ ದಾರಿ ಒಂದೇ, ಅದು ವೈನ್ ಶಾಪಿಗೆ ಹೋಗುತ್ತದೆ.

ಮಾಡಿಸುವುದೇ ಆದರೆ ಹೀಗೆ ಮಾಡಿ. ಮೊದಲು ಅಣ್ಣನನ್ನೇ ಕೇಳಿ, ಬೇಡ ಅಂದರೆ ಬಿಟ್ಟುಬಿಡಿ. ಕುಡಿದು ಬಿದ್ದ ಫೋಟೊ ಬೇಡ, ಮಾಮೂಲಿ ದಿನದ ಫೋಟೊ ಸಾಕು. ಅಂಗಿ ಯಾವುದು, ಚಪ್ಪಲಿ ಯಾವುದು, ಜೇಬಿನಲ್ಲಿ ಏನಿತ್ತು, ಅವರೇ ಹೇಳಲಿ. ನನ್ನ ಅನುಭವದಲ್ಲಿ ನೆನಪು ಬರುವುದು ಮುಖದಿಂದ ಅಲ್ಲ, ಇಂಥ ಸಣ್ಣ ವಸ್ತುವಿನಿಂದ. ರೂಪ ಮಾತಾಡುವುದು ಬೇಡ, ಸುಮ್ನೆ ಕೂತಿರಲಿ. ‘ಇವನು ಎಲ್ಲಿಂದ ಬಂದ? ಈಗ ಎಲ್ಲಿಗೆ ಹೊರಟ?’ ಇಷ್ಟು ಕೇಳಿದರೆ ಸಾಕು. ಉತ್ತರ ಬರದಿದ್ದರೆ ಒತ್ತಾಯ ಮಾಡಬೇಡಿ. ಇಪ್ಪತ್ತು ನಿಮಿಷ, ಅದೂ ಬೆಳಗ್ಗೆ, ಪಕ್ಕದಲ್ಲಿ ಕೂತು. ಆಮೇಲೆ ಒಟ್ಟಿಗೆ ತಿಂಡಿ ತಿನ್ನಿ. ಆ ದಿನ ಅವರನ್ನು ಒಬ್ಬರನ್ನೇ ಬಿಡಬೇಡಿ. ಇನ್ನೊಂದು ರೂಪವನ್ನೂ ಮಾಡಿಸಿ, ನರೆತ ಕೂದಲಿನ, ಕುಡಿಯದ ಅಣ್ಣನದು. ಅವರ ಮಗಳಿಗೆ ಆಗ ಎಷ್ಟು ವಯಸ್ಸು ಅಂತ ಕೇಳಿ. ಫೋಟೊ, ಕಥೆ ಎಲ್ಲವನ್ನೂ ಯಾವುದೋ ಗೊತ್ತಿಲ್ಲದ ಆ್ಯಪಿಗೆ ಹಾಕಬೇಡಿ. ಹೆಡ್‌ಸೆಟ್ ಸದ್ಯಕ್ಕೆ ಬೇಡವೇ ಬೇಡ, ಕೆಲವರಿಗೆ ಅದರಿಂದ ತಲೆ ಸುತ್ತುತ್ತದೆ. ಮೊಬೈಲ್ ಪರದೆ ಸಾಕು.

ಅವತಾರ್ ಇಲ್ಲದೆಯೂ ಇದು ಆಗುತ್ತದೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗಿನಲ್ಲಾಗಲಿ, ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರದ ನಂತರ ನಡೆಯುವ ನವಜೀವನ ಸಮಿತಿಯ ಸಭೆಯಲ್ಲಾಗಲಿ, ಇನ್ನೊಬ್ಬ ಎದ್ದು ನಿಂತು ತನ್ನ ಒಂದು ದಿನ ಹೇಳುತ್ತಾನೆ. ಕೇಳುತ್ತಿರುವಾಗ ನಮ್ಮ ದಿನ ತಾನಾಗಿ ಏಳುತ್ತದೆ. ನನ್ನ ನೆನಪುಗಳಲ್ಲಿ ಮುಕ್ಕಾಲು ಪಾಲು ಬಂದದ್ದು ಹಾಗೆಯೇ.

ರಾತ್ರಿ ಹೊತ್ತು ಅಣ್ಣನಿಗೆ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ. ಬೆಂಗಳೂರಿಗೆ ಬರಲು ಆಗುವುದಾದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದಲ್ಲಿ ಮರೆವಿನ ವಿಷಯವನ್ನೂ ತೋರಿಸಿ. ಶುಕ್ರವಾರ ಕೌನ್ಸೆಲರ್ ಹತ್ತಿರ ಹೋಗುತ್ತೇವೆ ಎಂದಿದ್ದೀರಲ್ಲ, ನೀವೂ ಒಳಗೆ ಹೋಗಿ ಈ ಯೋಚನೆಯನ್ನು ಅವರ ಮುಂದಿಡಿ. ಅಲ್ಲಿಯವರೆಗೆ ಆ ವಿಡಿಯೊವನ್ನು ಅಣ್ಣನ ಫೋನಿಗೆ ಯಾರೂ ಕಳಿಸದ ಹಾಗೆ ಮನೆಯವರಿಗೆಲ್ಲ ಒಂದು ಮಾತು ಹೇಳಿಬಿಡಿ.