ಮೈನಸ್ 6ಕ್ಕೆ 1.74 ಲೆನ್ಸ್ ಬೇಕೇ ಬೇಕಾ?

ಅಗಲದ ಫ್ರೇಮ್ ಆರಿಸಿದ್ದೀನಿ, ಮೈನಸ್ 6 ಪವರ್‌ಗೆ ಕನ್ನಡಕದ ಅಂಗಡಿಯವರು 1.74 ಇಂಡೆಕ್ಸ್ ಲೆನ್ಸೇ (ಈ ಸಂಖ್ಯೆ ಹೆಚ್ಚಾದಷ್ಟೂ ಲೆನ್ಸ್ ತೆಳು) ಹಾಕಿಸಿ ಅಂತಿದ್ದಾರೆ, ಜೊತೆಗೆ ನೀಲಿ ಬೆಳಕು ತಡೆಯೋ ಬ್ಲೂ ಕಟ್ ಕೂಡ ಅಂದಿದ್ದೀರಿ. ನನ್ನ ಕೇಳಿದ್ರೆ ಮೊದಲು ಆ ಅಗಲದ ಫ್ರೇಮ್ ಬಿಡಿ ಸಾರ್. ಮೈನಸ್ ಲೆನ್ಸ್ ನಡುವೆ ತೆಳು, ಅಂಚಿಗೆ ಹೋದಷ್ಟೂ ದಪ್ಪ. ಫ್ರೇಮ್ ದೊಡ್ಡದಾದ್ರೆ ಎಂಥಾ ದುಬಾರಿ ಲೆನ್ಸ್ ಹಾಕಿದ್ರೂ ಅಂಚು ಎದ್ದು ಕಾಣುತ್ತೆ. ಕಣ್ಣು ಗಾಜಿನ ನಡುವಿಗೇ ಬರೋಂಥ ಚಿಕ್ಕ, ದುಂಡನೆಯ ಪ್ಲಾಸ್ಟಿಕ್ ಫ್ರೇಮ್ ನೋಡಿ, ಆಗ 1.67 ಧಾರಾಳ ಸಾಕು. ಸುತ್ತ ಕಟ್ಟಿಲ್ಲದ ರಿಮ್‌ಲೆಸ್ ಅಂತೂ ಬೇಡವೇ ಬೇಡ.

ಬ್ಲೂ ಕಟ್‌ಗೆ ದುಡ್ಡು ಸುರಿಯಬೇಡಿ. ಕಂಪ್ಯೂಟರ್ ಮುಂದೆ ಕೂತು ಬರೋ ಕಣ್ಣಿನ ಆಯಾಸ ಅದರಿಂದ ಕಡಿಮೆಯಾಗೋದು ಅನುಮಾನ ಅಂತ ಹಲವು ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡಿದ 2023ರ ಕೊಕ್ರೇನ್ ವಿಮರ್ಶೆಯೇ ಹೇಳಿದೆ. ಬೆಳಕಿನ ಪ್ರತಿಫಲನ ತಗ್ಗಿಸೋ ಆಂಟಿ ರಿಫ್ಲೆಕ್ಷನ್ ಲೇಪನ ಮಾತ್ರ ಬಿಡಬೇಡಿ. 1.67, 1.74 ಥರದ ಹೈ ಇಂಡೆಕ್ಸ್ ಲೆನ್ಸ್ ಸಾಮಾನ್ಯ ಲೆನ್ಸಿಗಿಂತ ಜಾಸ್ತಿ ಬೆಳಕು ವಾಪಸ್ ಎಸೆಯುತ್ತೆ, ನೀವು ಬೇರೆ ರಾತ್ರಿ ಗಾಡಿ ಓಡಿಸ್ತೀನಿ ಅಂತೀರಿ.