ಇಲಿಯ ಒಳಗೆ ದೀಪ ಇಟ್ರೆ ಹೊರಗೆ ಕಾಣ್ತದಾ?

ಪ್ರಶ್ನೆ: ನಮಸ್ಕಾರ ಮೇಡಂ, ನಾನು ಕಾಪುವಿನವ. ಮಗಳು ಮಂಗಳೂರಲ್ಲಿ ಪಿಎಚ್‌ಡಿ ಮಾಡ್ತಾ ಇದ್ದಾಳೆ. ಹೊಳೆಯುವ ನ್ಯಾನೊ ಕಣವನ್ನು ಇಲಿಗೆ ಇಂಜೆಕ್ಷನ್ ಕೊಟ್ಟು, ಜೀವ ಇರುವಾಗಲೇ ಒಳಗಿನ ಫೋಟೊ ತೆಗೆಯುದಂತೆ. ಎಕ್ಸ್‌ರೇ, ಎಂಆರ್‌ಐ ಎಲ್ಲ ಉಂಟಲ್ಲ, ಇದೆಂತಕ್ಕೆ? ಆ ಕಣ ಆಮೇಲೆ ಎಲ್ಲಿಗೆ ಹೋಗ್ತದೆ, ನಾಳೆ ನಮಗೂ ಕೊಡ್ತಾರಾ? 2020ರಲ್ಲಿ ಮಲ್ಪೆ ಕಡೆ ಸಮುದ್ರ ನೀಲಿ ಹೊಳೆದದ್ದೂ ಇದೇನಾ?

ಉತ್ತರ: ಸಮುದ್ರದ್ದು ಮೊದಲು ಹೇಳಿ ಮುಗಿಸ್ತೇನೆ, ಅದು ಬೇರೆ. ನಾಕ್ಟಿಲೂಕಾ ಅಂತ ಒಂದು ಏಕಕೋಶ ಜೀವಿ, ಅಲೆ ಬಡಿದಾಗ ಅದರ ಒಳಗೇ ಕೆಮಿಕಲ್ ರಿಯಾಕ್ಷನ್ ಆಗಿ ತಾನಾಗಿ ಬೆಳಕು ಬಿಡುದು. ನಿಮ್ಮ ಮಗಳ ಕಣಕ್ಕೆ ಹೊರಗಿಂದ ಲೈಟ್ ಕೊಡ್ಬೇಕು, ಅದನ್ನು ಹೀರಿ ಬೇರೆ ಬಣ್ಣದಲ್ಲಿ ವಾಪಸ್ ಬಿಡ್ತದೆ. ಅಂಗಡಿಯಲ್ಲಿ 500ರ ನೋಟನ್ನು ಯುವಿ ಲೈಟಿನ ಕೆಳಗೆ ಹಿಡಿದಾಗ ನಂಬರ್ ಹೊಳೀತದಲ್ಲ, ಅದೇ ಫ್ಲೋರೆಸೆನ್ಸ್.

ಎಕ್ಸ್‌ರೇ, ಎಂಆರ್‌ಐ ಹೆಚ್ಚಾಗಿ ಆಕಾರ ತೋರಿಸುದು. ಕ್ಯಾನ್ಸರ್ ಕೋಶ ಎಲ್ಲಿ ಕೂತಿದೆ ಅಂತ ಹುಡುಕ್ಲಿಕ್ಕೆ, ಆ ಕೋಶಕ್ಕೇ ಅಂಟುವ ಆಂಟಿಬಾಡಿ ಅನ್ನುವ ಪ್ರೋಟೀನನ್ನು ಕಣದ ಮೈಗೆ ಕಟ್ಟಿ ಕಳಿಸಬಹುದು. ಇನ್ನೊಂದು ವಿಷಯ ನನಗೆ ತುಂಬ ಮುಖ್ಯ. ಮೊದಲೆಲ್ಲ ಒಂದನೇ ದಿನ, ಮೂರನೇ ದಿನ, ಏಳನೇ ದಿನ ಎಂತ ಆಯ್ತು ಅಂತ ನೋಡ್ಲಿಕ್ಕೆ ಪ್ರತಿ ಸಲವೂ ಕೆಲವು ಇಲಿ ಕೊಲ್ಲಬೇಕಿತ್ತು, ಈಗ ಅದೇ ಇಲಿಗೆ ಅರಿವಳಿಕೆ ಕೊಟ್ಟು, ಮೈ ತಣ್ಣಗಾಗದ ಹಾಗೆ ಬೆಚ್ಚಗಿನ ಪ್ಲೇಟ್ ಮೇಲೆ ಮಲಗಿಸಿ, ಫೋಟೊ ತೆಗೆದು ಮತ್ತೆ ಗೂಡಿಗೆ ಬಿಡಬಹುದು. ಎಷ್ಟೋ ಜೀವ ಉಳೀತದೆ.

ಕಷ್ಟ ಇರುದು ಬೆಳಕು ಹೊರಗೆ ಬರುದರಲ್ಲಿ. ಇವತ್ತು ರಾತ್ರಿ ಮಳೆಗೆ ಕರೆಂಟ್ ಹೋದ್ರೆ ಮೊಬೈಲ್ ಟಾರ್ಚ್ ಮೇಲೆ ಬೆರಳಿಟ್ಟು ನೋಡಿ. ಬೆರಳು ಕೆಂಪಾಗಿ ಬೆಳಗ್ತದೆ, ಆದ್ರೆ ಒಳಗಿನ ಎಲುಬು ಕಾಣುದಿಲ್ಲ. ಟಾರ್ಚಿನ ಬಿಳಿ ಬೆಳಕಲ್ಲಿ ನೀಲಿ, ಹಸಿರನ್ನೆಲ್ಲ ರಕ್ತದ ಹಿಮೋಗ್ಲೋಬಿನ್ ಹೀರಿಕೊಂಡು ಆಯ್ತು, ಉಳಿದ ಕೆಂಪು ಹೊರಗೆ ಬಂತು, ಅದೂ ಮಾಂಸದೊಳಗೆ ಚದುರಿ ಚದುರಿ ಬಂದದ್ದು, ಹಾಗಾಗಿ ಎಲುಬಿನ ಅಂಚು ಅಳಿಸಿ ಹೋಯ್ತು. ಆಗುಂಬೆ ಘಾಟಿಯ ಮಂಜಲ್ಲಿ ಎದುರಿನ ಬಸ್ಸಿನ ಹೆಡ್‌ಲೈಟ್ ಬರೀ ಬೆಳ್ಳಗಿನ ಉಂಡೆ ಹಾಗೆ ಕಾಣ್ತದಲ್ಲ, ಅದೇ ಕಥೆ. ಅದಕ್ಕೇ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬಿಡುವ ಕಣ ಹುಡುಕುದು, 700ರಿಂದ 900 ನ್ಯಾನೊಮೀಟರ್ ತರಂಗಾಂತರದ್ದು, ಈಗೀಗ 1000 ದಾಟಿದ್ದು (ನ್ಯಾನೊಮೀಟರ್ ಅಂದ್ರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು). ಅಲ್ಲಿ ಚದುರುದು ಇನ್ನೂ ಕಮ್ಮಿ. 2014ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ಹಾಂಗ್ಜಿ ಡೈ ತಂಡದವರು ಕಾರ್ಬನ್ ನ್ಯಾನೊಟ್ಯೂಬ್, ಅಂದ್ರೆ ಇಂಗಾಲದ ಅತಿ ಸಣ್ಣ ಕೊಳವೆ ಬಳಸಿ, ಬುರುಡೆ ತೆರೆಯದೇ ಇಲಿಯ ಮೆದುಳಿನ ರಕ್ತನಾಳ ನೋಡಿದ್ರು, 2 ಮಿಲಿಮೀಟರಿಗಿಂತ ಜಾಸ್ತಿ ಆಳಕ್ಕೆ. ಇಷ್ಟೇನಾ ಅನ್ನಿಸಬಹುದು, ಆದ್ರೆ ಇಲಿಯ ಮೆದುಳು ಎಷ್ಟು ಸಣ್ಣದು ಅಂತ ಯೋಚಿಸಿ.

ಒಂದು ಅನುಭವ ಹೇಳ್ತೇನೆ. ಶುರುವಲ್ಲಿ ನಾನು ಸ್ಕ್ಯಾನ್ ಮಾಡುವಾಗ ಇಲಿಯ ಹೊಟ್ಟೆ ಎಲ್ಲ ಜಗ್ ಅಂತ ಹೊಳೀತಾ ಇತ್ತು, ಕಣ ಸರಿ ಹೋಗಿ ಕೂತಿದೆ ಅಂತ ಖುಷಿಯಾಯ್ತು. ಪಕ್ಕದಲ್ಲಿ ಇಂಜೆಕ್ಷನ್ನೇ ಕೊಡದ ಇಲಿ ಇಟ್ಟು ನೋಡಿದ್ರೆ ಅದರ ಹೊಟ್ಟೆಯೂ ಹಾಗೇ! ಕಾರಣ ತಿಂಡಿ. ಇಲಿಯ ಆಹಾರದಲ್ಲಿ ಕುದುರೆ ಮಸಾಲೆ ಸೊಪ್ಪು ಇರ್ತದೆ, ನಮ್ಮ ಹೈನುಗಾರರು ದನಕ್ಕೆ ಹಾಕುವ ಅದೇ ಸೊಪ್ಪು, ಅದರ ಕ್ಲೋರೋಫಿಲ್ ಲೈಟ್ ಬಿದ್ದ ಕೂಡ್ಲೇ ಕೆಂಪಾಗಿ ಹೊಳೀತದೆ. ಆಮೇಲೆ ಸೊಪ್ಪಿಲ್ಲದ ಆಹಾರ ಹಾಕಿ ಎಲ್ಲ ವಾಪಸ್ ಮಾಡಿದ್ದು.

ಇನ್ನು ಕಣ ಎಲ್ಲಿಗೆ ಹೋಗ್ತದೆ ಅಂತ ಕೇಳಿದ್ರಿ, ಅಪ್ಪನಾಗಿ ಕೇಳಬೇಕಾದ ಪ್ರಶ್ನೆಯೇ ಅದು. ಹೊರಗೆ ಬರುವ ಕಷ್ಟ ಕಣಕ್ಕೂ ಉಂಟು. 2007ರಲ್ಲಿ ಕ್ವಾಂಟಮ್ ಡಾಟ್ ಅಂತ ಒಂದು ಜಾತಿಯ ಹೊಳೆಯುವ ನ್ಯಾನೊ ಕಣ ಕೊಟ್ಟು ಅಳೆದ ಪ್ರಕಾರ, ಮೇಲಿನ ಕೋಟಿಂಗ್ ಸೇರಿ 5.5 ನ್ಯಾನೊಮೀಟರಿಗಿಂತ ಸಣ್ಣದಾದ್ರೆ ಕಿಡ್ನಿ ಸೋಸಿ ಮೂತ್ರದಲ್ಲಿ ಬೇಗ ಹೊರಗೆ ಹಾಕ್ತದೆ, ಅಂದ್ರೆ ತಲೆಕೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಅದಕ್ಕಿಂತ ದೊಡ್ಡದು ಹೆಚ್ಚಾಗಿ ಲಿವರ್, ಸ್ಪ್ಲೀನಲ್ಲಿ (ಗುಲ್ಮ) ಹೋಗಿ ಕೂರ್ತದೆ, ತಿಂಗಳುಗಟ್ಟಲೆ ಇರಲೂಬಹುದು. 2023ರ ಕೆಮಿಸ್ಟ್ರಿ ನೊಬೆಲ್ ಬವೆಂಡಿ, ಬ್ರೂಸ್, ಎಕಿಮೊವ್ ಮೂವರಿಗೆ ಸಿಕ್ಕಿದ್ದು ಇದೇ ಕ್ವಾಂಟಮ್ ಡಾಟಿಗೆ. ಹೊಳಪು ಅದ್ಭುತ, ಗಾತ್ರ ಬದಲಾದ ಹಾಗೆ ಬಣ್ಣ ಬದಲಾಗ್ತದೆ, ಆದ್ರೆ ತುಂಬ ಬಳಕೆಯಲ್ಲಿರುವ ಜಾತಿಯಲ್ಲಿ ಇರುದು ಕ್ಯಾಡ್ಮಿಯಂ, ವಿಷದ ಲೋಹ. ಮೇಲಿನ ಕೋಟಿಂಗ್ ಹಾಳಾದ್ರೆ ಸೋರ್ತದೆ. ಅದನ್ನು ಮನುಷ್ಯರ ಮೈಗೆ ಕೊಡುದು ನನಗೆ ಒಪ್ಪಿಗೆ ಇಲ್ಲ.

ಮನುಷ್ಯರಿಗೆ ಕೊಡುದು ಸದ್ಯ ಹೆಚ್ಚಾಗಿ ಇಂಡೋಸಯನೀನ್ ಗ್ರೀನ್, ಕಣ ಅಲ್ಲ, ಬರೀ ಡೈ. ಅಮೆರಿಕದಲ್ಲಿ 1959ರಿಂದ ಅನುಮತಿ ಉಂಟು, ಕಣ್ಣಿನ ಪರೀಕ್ಷೆಗೆ, ಆಪರೇಶನ್ ಮಾಡುವಾಗ ರಕ್ತ ಸರಿ ಹರೀತದಾ ನೋಡ್ಲಿಕ್ಕೆ ಬಳಸ್ತಾರೆ, ಲಿವರ್ ಅದನ್ನು ಪಿತ್ತದ ಮೂಲಕ ಬೇಗ ಹೊರಗೆ ಹಾಕ್ತದೆ. ಕಣಗಳಲ್ಲಿ ಸಿಲಿಕಾದಿಂದ ಮಾಡಿದ ಕಾರ್ನೆಲ್ ಡಾಟ್ಸ್‌ಗೆ 2011ರಲ್ಲಿ ಅಲ್ಲಿಯ ಎಫ್‌ಡಿಎ, ಅಂದ್ರೆ ಔಷಧಕ್ಕೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ, ಮನುಷ್ಯರ ಮೇಲೆ ಟ್ರಯಲ್ ಮಾಡ್ಲಿಕ್ಕೆ ಅನುಮತಿ ಕೊಟ್ಟಿತು.

ಮಗಳು ಊರಿಗೆ ಬಂದಾಗ ಕೂತು ಕೇಳಿ, ನಿಮ್ಮ ಕಣ ಎಷ್ಟು ನ್ಯಾನೊಮೀಟರ್, ಕ್ಯಾಡ್ಮಿಯಂ ಉಂಟಾ, ಮೂತ್ರದಲ್ಲಿ ಹೋಗ್ತದಾ ಲಿವರಲ್ಲಿ ಕೂರ್ತದಾ, ಮತ್ತೆ ಇಂಜೆಕ್ಷನ್ ಕೊಡದ ಇಲಿಯ ಫೋಟೊ ತೆಗೆದಿದ್ದೀಯಾ ಅಂತ. ಅವಳು ಖುಷಿಯಲ್ಲಿ ಹೇಳ್ತಾಳೆ ನೋಡಿ.