ಹಾಡಿಗೆ ಸರ್ಕಾರಗಳು ಯಾಕೆ ಅಂಜಿದವು?

ನೀವು ಕೇಳಿದ್ದು ಎರಡು. ದಬ್ಬಾಳಿಕೆ ನಡೆಸಿದ ಸರ್ಕಾರಗಳು ಚರ್ಚಿನ ಹಾಡುಗಳಿಗೆ ಯಾಕೆ ಅಷ್ಟೊಂದು ಹೆದರಿದವು ಅಂತ ಒಂದು. ಹಾಡಿನಿಂದ ನಿಜಕ್ಕೂ ಏನಾದರೂ ಬದಲಾಯಿತಾ, ಇಲ್ಲ ಅದೆಲ್ಲ ಆಮೇಲೆ ಕಟ್ಟಿದ ಕಥೆಯಾ ಅಂತ ಇನ್ನೊಂದು. ಕೊನೆಗೆ, ಏನು ಕೇಳಬೇಕು ಹೇಳಿ ಅಂತಲೂ ಬರೆದಿದ್ದೀರಿ.

ನನ್ನ ಉತ್ತರ ಇದು. ಹಾಡು ಸರ್ಕಾರ ಬೀಳಿಸುವುದಿಲ್ಲ. ಆದರೆ ಒಟ್ಟಿಗೆ ಹಾಡಬೇಕಾದರೆ ಜನ ಸೇರಬೇಕು, ವಾರ ವಾರ ಸೇರಬೇಕು, ಪಕ್ಕದವರ ದನಿಗೆ ಕಿವಿ ಕೊಡಬೇಕು. ಸರ್ಕಾರದ ಅಪ್ಪಣೆ ಕೇಳದೆ ಹೀಗೆ ಸೇರುವ ಅಭ್ಯಾಸ ಇದೆಯಲ್ಲ, ಅವರಿಗೆ ಭಯ ಇದ್ದದ್ದು ಅದರದೇ.

ನಾನು ಬೀದರಿನವನು. ಮೆಥೋಡಿಸ್ಟ್ ಚರ್ಚಿನಲ್ಲಿ ಹಾರ್ಮೋನಿಯಂ ಹಿಡಿಯುತ್ತೇನೆ. ಭಾನುವಾರ ಆರಾಧನೆ ಮುಗಿದ ಮೇಲೆ ನಾವು ಕೆಲವರು ಚಾ ಕುಡಿಯುತ್ತಾ ಕೂತುಬಿಡುತ್ತೇವೆ. ಅದರಲ್ಲಿ ಒಬ್ಬರು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವರು, ನಮಗೆಲ್ಲ ಸರ್. ಇನ್ನೊಬ್ಬರು ಡೋಲಕ್ ಬಾರಿಸುವ ಕಾಕಾ. ನಿಮ್ಮ ಪ್ರಶ್ನೆಯನ್ನು ಅಲ್ಲೇ ಓದಿ ಹೇಳಿದೆ. ಕಾಕಾ ತಕ್ಷಣ ಅಂದರು: "ಹಾಡಿಗಿ ಯಾರ್ ಅಂಜತಾರ? ಬಂದೂಕಿಗಿ ಅಂಜತಾರ."

ಸರ್ ನಕ್ಕು ನಮ್ಮ ನಿಜಾಮರ ಕಾಲಕ್ಕೇ ಬಂದರು. ಬೀದರ್, ಕಲಬುರಗಿ ಎಲ್ಲ ಆಗ ಹೈದರಾಬಾದ್ ಸಂಸ್ಥಾನ. ಗಸ್ತಿ 53 ಅಂತ ಒಂದು ಸುತ್ತೋಲೆ ಇತ್ತು, ಸಾರ್ವಜನಿಕ ಸಭೆ ಮಾಡಬೇಕಾದರೆ ಮೊದಲೇ ಅಪ್ಪಣೆ ಬೇಕು. ಸಭೆಗೆ ಬೇಲಿ ಹಾಕಿದರೆ ಜನ ಏನು ಮಾಡುತ್ತಾರೆ? ಭಜನೆ, ಗಣೇಶೋತ್ಸವ, ವಾಚನಾಲಯ ಅಂತ ಬೇರೆ ದಾರಿ ಹುಡುಕುತ್ತಾರೆ. 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಸ್ಟೆಲ್ ಹುಡುಗರು ಪ್ರಾರ್ಥನೆಯಲ್ಲಿ ವಂದೇ ಮಾತರಂ ಹಾಡಿದರು. ಹಾಡಬೇಡಿ ಅಂದರೂ ಬಿಡಲಿಲ್ಲ, ಹೊರಗೆ ಹಾಕಿದರು. ಎಷ್ಟೋ ಜನ ನಾಗಪುರಕ್ಕೆ ಹೋಗಿ ಓದು ಮುಗಿಸಿದರು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಕೂಡ ಅವರಲ್ಲಿ ಒಬ್ಬರು. "ಹಾಡಿಗೆ ಅಂಜದಿದ್ದರೆ ಹುಡುಗರನ್ನ ಯಾಕೆ ಓಡಿಸ್ತಿದ್ರು ಕಾಕಾ?" ಅಂತ ಸರ್ ಕೇಳಿದರು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ನಮ್ಮ ಕಡೆ ನಿಜಾಮರ ಪರ ಶಸ್ತ್ರ ಹಿಡಿದಿದ್ದ ರಜಾಕಾರರ ಕಥೆ ಎಲ್ಲರೂ ಹೇಳುತ್ತಾರೆ, ಹೇಳಬೇಕಾದದ್ದೇ. ಗೋರಟಾ ನಮ್ಮ ಜಿಲ್ಲೆಯ ಊರು, 1948ರಲ್ಲಿ ಅಲ್ಲಿ ಆದ ಕೊಲೆಗಳನ್ನು ಯಾರೂ ಮರೆತಿಲ್ಲ. ಆದರೆ ಸೆಪ್ಟೆಂಬರ್ 17ಕ್ಕೆ ನಿಜಾಮರು ಶರಣಾದ ಮೇಲೆ ಮುಸಲ್ಮಾನರ ಮೇಲೆ ಆದದ್ದನ್ನು ಹೇಳುವವರು ಕಡಿಮೆ. ಅದನ್ನು ನೋಡಿ ಬರಲು ಕೇಂದ್ರ ಸರ್ಕಾರವೇ ಕಳಿಸಿದ್ದ ಸುಂದರಲಾಲ್ ಸಮಿತಿಯ ವರದಿಯಲ್ಲಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳ ಪಟ್ಟಿ ಇದೆ. ಅದರಲ್ಲಿ ಬೀದರೂ ಇದೆ, ಕಲಬುರಗಿಯೂ ಇದೆ. ದಬ್ಬಾಳಿಕೆ ಅಂದಾಗ ನಮಗೆ ಬೇಕಾದ ಅರ್ಧ ಮಾತ್ರ ನೆನಪಿಟ್ಟುಕೊಳ್ಳುವ ಚಟ ಎಲ್ಲ ಊರಲ್ಲೂ ಇರುತ್ತೆ. ಯುರೋಪಿನ ಕಥೆ ಹೇಳುವಾಗಲೂ ಇದು ತಲೆಯಲ್ಲಿರಲಿ.

ಈಗ ನಿಮ್ಮ ಪ್ರಶ್ನೆಯ ನಡುಮನೆಗೆ ಬರೋಣ. ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಎಸ್ಟೋನಿಯಾದ ಸಂಗೀತ ರಚನೆಕಾರ ಆರ್ವೋ ಪ್ಯಾರ್ಟ್. ಹುಟ್ಟಿದ್ದು 1935. ಅವರಿಗೆ ಐದು ವರ್ಷ ಆಗುವ ಹೊತ್ತಿಗೆ ಸೋವಿಯತ್ ಒಕ್ಕೂಟ ಆ ಪುಟ್ಟ ದೇಶವನ್ನು ನುಂಗಿತ್ತು. 1968ರ ನವೆಂಬರಿನಲ್ಲಿ ಟಾಲಿನ್ ನಗರದಲ್ಲಿ ಅವರ 'ಕ್ರೆಡೋ' ಅನ್ನುವ ಕೃತಿಯನ್ನು ಮೊದಲ ಸಲ ನುಡಿಸಿದರು. ವರ್ಷ ಗಮನಿಸಿ. ಅದೇ ಆಗಸ್ಟಿನಲ್ಲಿ ಚೆಕೊಸ್ಲೊವಾಕಿಯಾದ ಸುಧಾರಣೆಗಳನ್ನು ಹತ್ತಿಕ್ಕಲು ಸೋವಿಯತ್ ಟ್ಯಾಂಕುಗಳು ಪ್ರಾಗ್ ನಗರಕ್ಕೆ ನುಗ್ಗಿದ್ದವು. ಅಂಥ ಹೊತ್ತಿನಲ್ಲಿ ಸರ್ಕಾರಿ ಸಂಗೀತ ಸಭೆಯಲ್ಲಿ ದೊಡ್ಡ ಕ್ವಾಯರ್ (ಹಾಡುವ ತಂಡ) ಎದ್ದು ನಿಂತು, ಲ್ಯಾಟಿನ್ ಭಾಷೆಯಲ್ಲಿ, 'ನಾನು ಯೇಸು ಕ್ರಿಸ್ತನನ್ನು ನಂಬುತ್ತೇನೆ' ಅಂತ ಶುರು ಮಾಡಿತು.

ಸಂಗೀತ ಹೇಗಿದೆ ಗೊತ್ತಾ? ಹದಿನೆಂಟನೇ ಶತಮಾನದ ಜರ್ಮನ್ ರಚನೆಕಾರ ಬಾಖ್ ಬರೆದ ಒಂದು ಸರಳ ಪಿಯಾನೋ ತುಣುಕು ಅದರ ಒಳಗಿದೆ. ಪಿಯಾನೋ ಕಲಿಯುವ ಮಕ್ಕಳೆಲ್ಲ ನುಡಿಸುವಂಥದ್ದು, ತಿಳಿನೀರಿನ ಹಾಗೆ ಹರಿಯುತ್ತೆ. ಆಮೇಲೆ ಕ್ವಾಯರ್ 'ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು' ಅನ್ನುತ್ತದೆ. ಅಲ್ಲಿಂದ ಎಲ್ಲ ಕೆಡುತ್ತಾ ಹೋಗುತ್ತದೆ. ಶ್ರುತಿ ಒಡೆಯುತ್ತದೆ, ಕೂಗಾಟ ಏಳುತ್ತದೆ, ಸಹಿಸಲಾಗದಷ್ಟು ಗದ್ದಲ. ಮತ್ತಾಯನ ಸುವಾರ್ತೆ ಐದನೇ ಅಧ್ಯಾಯ ಓದಿದವರಿಗೆ ಮುಂದಿನ ಮಾತು ಗೊತ್ತು: ಕೆಟ್ಟವನಿಗೆ ಎದುರು ಕೈ ಎತ್ತಬೇಡಿ ಅನ್ನುತ್ತಾನೆ ಯೇಸು. ಆ ಮಾತಿನ ಜೊತೆ ಬಾಖ್ ಮೆಲ್ಲಗೆ ವಾಪಸ್ ಬರುತ್ತಾನೆ. ಇಷ್ಟೇ. ಭಾಷಣ ಇಲ್ಲ, ಸರ್ಕಾರದ ಹೆಸರೂ ಇಲ್ಲ. ಆದರೂ ಅಧಿಕಾರಿಗಳಿಗೆ ಅರ್ಥವಾಯಿತು! ಆ ಕೃತಿಯನ್ನು ಮತ್ತೆ ನುಡಿಸಲು ಬಿಡಲಿಲ್ಲ, ಪ್ಯಾರ್ಟ್‌ಗೆ ಕೆಲಸ ಸಿಗುವುದೂ ಕಷ್ಟವಾಯಿತು.

ಆಮೇಲೆ ಆ ಮನುಷ್ಯ ಹೆಚ್ಚು ಕಡಿಮೆ ಸುಮ್ಮನಾಗಿಬಿಟ್ಟರು. ವರ್ಷಗಟ್ಟಲೆ ಹಳೆಯ ಮಠಗಳ ಗ್ರೆಗೋರಿಯನ್ ಹಾಡುಗಾರಿಕೆ ಕಲಿತರು, ಆರ್ಥೊಡಾಕ್ಸ್ ಕ್ರೈಸ್ತ ಸಭೆಗೆ ಸೇರಿದರು. 1976ರಲ್ಲಿ ಒಂದು ಪುಟ್ಟ ಪಿಯಾನೋ ರಚನೆಯೊಂದಿಗೆ ಹೊರಬಂದಾಗ ಅವರ ಸಂಗೀತ ಪೂರ್ತಿ ಬದಲಾಗಿತ್ತು. ಎರಡೇ ಎಳೆ, ಬಹಳ ಕಮ್ಮಿ ಸ್ವರ, ಗಂಟೆಯ ನಾದದಂಥ ಗುಂಗು. 1980ರಲ್ಲಿ ಸಂಸಾರ ಸಮೇತ ದೇಶ ಬಿಡಬೇಕಾಯಿತು. ಕಾಕಾಗೆ ನನ್ನ ಫೋನಿನಲ್ಲಿ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು, ಕೊನೆಗೆ "ತಾಳಾ ಎಲ್ಲಿ ಹಚ್ಚಬೇಕ ಇದಕ್ಕ?" ಅಂದರು. ನ್ಯಾಯವಾದ ಪ್ರಶ್ನೆಯೇ.

ಗಂಟೆ ಅಂದೆನಲ್ಲ. ಸೋವಿಯತ್ ಸರ್ಕಾರ ಚರ್ಚಿನ ಗಂಟೆಗಳನ್ನೂ ಬಿಡಲಿಲ್ಲ. 1930ರ ಸುಮಾರಿಗೆ ಬಾರಿಸುವುದನ್ನೇ ನಿಲ್ಲಿಸಿ, ಸಾವಿರಾರು ಗಂಟೆಗಳನ್ನು ಇಳಿಸಿ ಲೋಹಕ್ಕಾಗಿ ಕರಗಿಸಿದರು. ಮಾಸ್ಕೋದ ಡ್ಯಾನಿಲೋವ್ ಮಠದ ಗಂಟೆಗಳು ಉಳಿದದ್ದು ಒಬ್ಬ ಅಮೆರಿಕನ್ ಶ್ರೀಮಂತ ಕೊಂಡು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದರಿಂದ. ಅವು ವಾಪಸ್ ಬಂದದ್ದು 2008ರಲ್ಲಿ.

ಎಸ್ಟೋನಿಯಾದಲ್ಲೇ ಇನ್ನೊಂದು ಸಂಗತಿ ಇದೆ. ಅಲ್ಲಿ 1869ರಿಂದ ಹಾಡಿನ ಜಾತ್ರೆ ನಡೆಯುತ್ತಿದೆ. ಮೊದಲ ಜಾತ್ರೆಗೆ ಬಂದವರು ಸುಮಾರು 800 ಹಾಡುಗಾರರು, ಎಲ್ಲ ಗಂಡಸರು. ಹಳ್ಳಿ ಜನ ನಾಲ್ಕು ದನಿಯಲ್ಲಿ ಹಾಡುವುದನ್ನು ಕಲಿತದ್ದು ಲುಥೆರನ್ ಚರ್ಚಿನಿಂದ ಮತ್ತು ಮೊರಾವಿಯನ್ ಸಹೋದರರು ಅನ್ನುವ ಪ್ರೊಟೆಸ್ಟಂಟ್ ಪಂಗಡದ ಪ್ರಾರ್ಥನಾ ಕೂಟಗಳಿಂದ. ಸೋವಿಯತ್ ಕಾಲದಲ್ಲೂ ಜಾತ್ರೆ ನಿಲ್ಲಿಸಲಿಲ್ಲ, ಲೆನಿನ್ ಸ್ಟಾಲಿನ್ ಹೊಗಳುವ ಹಾಡು ಸೇರಿಸಿ ನಡೆಸಿದರು. ಜನ ಅದನ್ನೂ ಹಾಡಿದರು. 1988ರ ಬೇಸಿಗೆಯಲ್ಲಿ ಟಾಲಿನ್‌ನ ಜಾತ್ರೆ ಮೈದಾನದಲ್ಲಿ ರಾತ್ರಿ ಇಡೀ ತಮ್ಮ ಹಾಡು ಹಾಡಿದರು. 1991ರಲ್ಲಿ ಸ್ವತಂತ್ರರಾದರು. ತಮಾಷೆ ಅಂದರೆ ಇವತ್ತು ಎಸ್ಟೋನಿಯಾ ಯುರೋಪಿನಲ್ಲೇ ಧರ್ಮದ ಗೋಜಿಗೆ ಹೋಗದ ದೇಶಗಳಲ್ಲಿ ಒಂದು. ಚರ್ಚು ಹಾಡು ಕಲಿಸಿತು, ಜನ ಹಾಡನ್ನು ಇಟ್ಟುಕೊಂಡು ಚರ್ಚನ್ನು ಬಿಟ್ಟರು. ನಮ್ಮ ಪಾಸ್ಟರ್‌ಗೆ ಈ ಭಾಗ ಅಷ್ಟು ರುಚಿಸಲಿಲ್ಲ.

ಇನ್ನು ಪೂರ್ವ ಜರ್ಮನಿಯ ಲೈಪ್ಜಿಗ್. ಬಾಖ್ 1723ರಿಂದ ಸಾಯುವ ತನಕ ಇದ್ದ ಊರು. 1968ರ ಮೇ ತಿಂಗಳಲ್ಲಿ ಕಮ್ಯುನಿಸ್ಟ್ ಸರ್ಕಾರ ಅಲ್ಲಿನ ಹಳೆಯ ವಿಶ್ವವಿದ್ಯಾಲಯ ಚರ್ಚನ್ನು ಸಿಡಿಮದ್ದು ಇಟ್ಟು ಬೀಳಿಸಿತು. ಯುದ್ಧದ ಬಾಂಬಿಗೂ ಬೀಳದ ಕಟ್ಟಡ. ಮೂರು ವಾರ ಕಳೆದು, ಅಂತರರಾಷ್ಟ್ರೀಯ ಬಾಖ್ ಸ್ಪರ್ಧೆಯ ಕೊನೆಯ ಕಾರ್ಯಕ್ರಮದಲ್ಲಿ, ಎಲ್ಲರ ಕಣ್ಣೆದುರೇ ವೇದಿಕೆಯ ಮೇಲೆ ಒಂದು ಬಟ್ಟೆ ತಾನಾಗಿ ಬಿಚ್ಚಿಕೊಂಡಿತು. ಮೇಲೆ ಆ ಚರ್ಚಿನ ಚಿತ್ರ, ಮತ್ತೆ ಕಟ್ಟಿ ಅನ್ನುವ ಒತ್ತಾಯ. ಒಂದಿಷ್ಟು ವಿಜ್ಞಾನದ ಹುಡುಗರು ಅಲಾರಂ ಗಡಿಯಾರ ಜೋಡಿಸಿ ಇಟ್ಟಿದ್ದರು! ನಮ್ಮ ಗುಂಪಿನಲ್ಲಿ ಈ ಕಥೆಗೆ ಬಿದ್ದಷ್ಟು ಚಪ್ಪಾಳೆ ಬೇರೆ ಯಾವುದಕ್ಕೂ ಬೀಳಲಿಲ್ಲ.

ಅದೇ ಊರಿನ ಸಂತ ನಿಕೋಲಸ್ ಚರ್ಚಿನಲ್ಲಿ 1982ರಿಂದ ಪ್ರತಿ ಸೋಮವಾರ ಸಂಜೆ ಶಾಂತಿಗಾಗಿ ಪ್ರಾರ್ಥನೆ. ಶುರುವಿನಲ್ಲಿ ಕೈಬೆರಳೆಣಿಕೆ ಜನ ಬರುತ್ತಿದ್ದ ದಿನಗಳೂ ಇದ್ದವು. 1989ರ ಸೆಪ್ಟೆಂಬರಿನಲ್ಲಿ ಜನ ಪ್ರಾರ್ಥನೆ ಮುಗಿಸಿ ಬೀದಿಗೆ ಬಂದಾಗ ಹಾಡಿದ್ದರಲ್ಲಿ ಒಂದು, ಅಮೆರಿಕದ ಕಪ್ಪು ಜನರ ಚರ್ಚುಗಳಿಂದ ಬಂದ ಹಾಡು. ನಾವು ಶಾಲೆಯಲ್ಲಿ 'ಹಮ್ ಹೋಂಗೆ ಕಾಮಯಾಬ್' ಅಂತ ಹಾಡುತ್ತೇವಲ್ಲ, ಅದೇ. ಅಕ್ಟೋಬರ್ 9ರಂದು ಆಳುವ ಕಮ್ಯುನಿಸ್ಟ್ ಪಕ್ಷವು ತನ್ನ ನೂರಾರು ಕಾರ್ಯಕರ್ತರನ್ನು ಮಧ್ಯಾಹ್ನವೇ ಚರ್ಚಿಗೆ ಕಳಿಸಿ ಸೀಟು ಹಿಡಿಸಿತು, ಬೇರೆಯವರಿಗೆ ಜಾಗ ಸಿಗದಿರಲಿ ಅಂತ. ಪಾಪ, ಅವರು ಗಂಟೆಗಟ್ಟಲೆ ಕೂತು ಪೂರ್ತಿ ಪ್ರಾರ್ಥನೆ ಕೇಳಬೇಕಾಯಿತು. ಅವತ್ತು ರಾತ್ರಿ ಸುಮಾರು 70,000 ಜನ ನಡೆದರು. ಪೊಲೀಸರು, ಸೈನಿಕರು ಸಜ್ಜಾಗಿದ್ದರೂ ಗುಂಡು ಹಾರಲಿಲ್ಲ. ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು.

ಇದನ್ನೆಲ್ಲ ಹಾಡು ಮಾಡಿತು ಅಂತ ನಾನು ಹೇಳುವುದಿಲ್ಲ. ಸೋವಿಯತ್ ಒಕ್ಕೂಟದಲ್ಲಿ ಸುಧಾರಣೆಯ ಮಾತಾಡುವ ಗೋರ್ಬಚೇವ್ ಇದ್ದರು, ಖಜಾನೆ ಖಾಲಿಯಾಗಿತ್ತು, ಹಂಗೇರಿ ಗಡಿ ತೆರೆದು ಜನ ಓಡಿಹೋಗುತ್ತಿದ್ದರು. ಆದರೆ ಅವತ್ತು ಅಷ್ಟು ಜನ ಕಲ್ಲು ಎತ್ತದೆ ನಡೆದರಲ್ಲ, ಆ ಶಿಸ್ತು ಒಂದೇ ರಾತ್ರಿಯಲ್ಲಿ ಬರುವಂಥದ್ದಲ್ಲ. ಏಳು ವರ್ಷದ ಸೋಮವಾರಗಳ ಪಾಲು ಅದರಲ್ಲಿದೆ ಅಂತ ನನ್ನ ಲೆಕ್ಕ.

ನಾಣ್ಯದ ಇನ್ನೊಂದು ಮುಖ ಹೇಳದಿದ್ದರೆ ಉತ್ತರ ಸುಳ್ಳಾಗುತ್ತದೆ. ಹಿಟ್ಲರನ ಕಾಲದಲ್ಲಿ ಅದೇ ಬಾಖ್, ಅದೇ ಲೂಥರನ ಹಾಡುಗಳನ್ನು ನಾಜಿಗಳ ಪರ ಇದ್ದ ಚರ್ಚುಗಳೂ ಹಾಡಿದವು. 1939ರಲ್ಲಿ ಐಸೆನಾಖ್‌ನಲ್ಲಿ ಚರ್ಚಿನವರೇ ಒಂದು ಸಂಸ್ಥೆ ಕಟ್ಟಿದರು, ಕ್ರೈಸ್ತ ಜೀವನದಿಂದ ಯೆಹೂದ್ಯರ ಗುರುತು ಅಳಿಸುವುದೇ ಅದರ ಕೆಲಸ. ಐಸೆನಾಖ್ ಅಂದರೆ ಬಾಖ್ ಹುಟ್ಟಿದ ಊರು. 1941ರಲ್ಲಿ ಅವರು ತಂದ ಹಾಡಿನ ಪುಸ್ತಕದಿಂದ ಹಲ್ಲೆಲೂಯಾ, ಚೀಯೋನ್ ಅನ್ನುವ ಹೀಬ್ರೂ ಪದಗಳೆಲ್ಲ ಮಾಯ. ಯೇಸು ಯೆಹೂದ್ಯ ತಾಯಿಯ ಮಗ ಅನ್ನುವುದನ್ನೇ ಮರೆಸಲು ಹೊರಟಿದ್ದರು. ಇದನ್ನು ಕೇಳಿ ಕಾಕಾ ಚಾ ಕೆಳಗಿಟ್ಟರು. ಹಲ್ಲೆಲೂಯಾ ತೆಗೆದರೆ ಅವರ ಡೋಲಕ್ಕಿಗೆ ಅರ್ಧ ಕೆಲಸ ಇಲ್ಲ.

ಆ ಚರ್ಚಿನ ವಿರುದ್ಧ ನಿಂತವರಲ್ಲಿ ಜರ್ಮನ್ ಪಾದ್ರಿ ಡೀಟ್ರಿಚ್ ಬೋನ್‌ಹಾಫರ್ ಒಬ್ಬರು. ಯೆಹೂದ್ಯರಿಗಾಗಿ ಕೂಗದವನಿಗೆ ಗ್ರೆಗೋರಿಯನ್ ಹಾಡು ಹಾಡುವ ಹಕ್ಕಿಲ್ಲ ಅನ್ನುವ ಅರ್ಥದ ಮಾತು ಅವರದು ಅಂತ ಅವರ ಗೆಳೆಯ ಬೆತ್ಗೆ ನೆನಪಿಸಿಕೊಂಡಿದ್ದಾರೆ. ಬೋನ್‌ಹಾಫರ್‌ರನ್ನು 1945ರ ಏಪ್ರಿಲ್ 9ರಂದು ಗಲ್ಲಿಗೆ ಹಾಕಿದರು.

ಮತ್ತೆ ಟೆರೆಝಿನ್. ಇದನ್ನು ಹೇಳುವಾಗ ಸರ್ ದನಿ ಕೂಡ ತಗ್ಗಿತ್ತು. ನಾಜಿಗಳು ಯೆಹೂದ್ಯರನ್ನು ಕೂಡಿಹಾಕಿದ್ದ ಚೆಕ್ ನಾಡಿನ ಊರು ಅದು. ರಾಫೆಲ್ ಶೆಖ್ಟರ್ ಅನ್ನುವ ಕೈದಿ ಅಲ್ಲಿನ ಕೈದಿಗಳಿಗೆ ಇಟಲಿಯ ರಚನೆಕಾರ ವರ್ಡಿಯ 'ರೆಕ್ವಿಯಂ' ಕಲಿಸಿದರು. ಅದು ಕ್ಯಾಥೊಲಿಕ್ ಶ್ರಾದ್ಧದ ಪೂಜೆಯ ಸಂಗೀತ, ಹಾಡಿದವರು ಯೆಹೂದ್ಯರು. ತೀರ್ಪಿನ ದಿನ ಬರುತ್ತದೆ, ಮುಚ್ಚಿಟ್ಟದ್ದೆಲ್ಲ ಹೊರಗೆ ಬರುತ್ತದೆ ಅನ್ನುವ ಲ್ಯಾಟಿನ್ ಸಾಲುಗಳನ್ನು ಕೊಲ್ಲುವವರ ಮುಖಕ್ಕೇ ಹಾಡಿದರು. ಒಂದು ತಂಡವನ್ನು ಆಷ್‌ವಿಟ್ಜ್ ಸಾವಿನ ಶಿಬಿರಕ್ಕೆ ಸಾಗಿಸಿದರೆ ಶೆಖ್ಟರ್ ಇನ್ನೊಂದು ತಂಡಕ್ಕೆ ಕಲಿಸುತ್ತಿದ್ದರು. 1944ರಲ್ಲಿ ಅವರನ್ನೂ ಸಾಗಿಸಿದರು. ಹಾಡಿನಿಂದ ಏನು ಬದಲಾಯಿತು ಅಂತ ಇಲ್ಲಿ ಕೇಳಿದರೆ, ಏನೂ ಇಲ್ಲ. ಹಾಡು ಯಾರ ಜೀವವನ್ನೂ ಉಳಿಸಲಿಲ್ಲ. ಹಾಡು ಗೆದ್ದೇ ಗೆಲ್ಲುತ್ತೆ ಅಂತ ಯಾರಾದರೂ ಅಂದರೆ ನಾನು ಟೆರೆಝಿನ್ ಹೆಸರು ಹೇಳುತ್ತೇನೆ.

ದಕ್ಷಿಣ ಆಫ್ರಿಕಾದ ಬಗ್ಗೆ ಚಿಕ್ಕದಾಗಿ. ಈಗಿನ ರಾಷ್ಟ್ರಗೀತೆ ಶುರುವಾಗುವುದು ಒಂದು ಪ್ರಾರ್ಥನಾ ಗೀತೆಯಿಂದ, ದೇವರೇ ಆಫ್ರಿಕಾವನ್ನು ಆಶೀರ್ವದಿಸು ಅಂತ. ಅದನ್ನು 1897ರಲ್ಲಿ ಕಟ್ಟಿದ ಎನೋಕ್ ಸೊಂಟೊಂಗ ಒಬ್ಬ ಮೆಥೋಡಿಸ್ಟ್ ಶಾಲೆಯ ಮೇಷ್ಟ್ರು. ನಮ್ಮವರು ಅಂತ ನನಗೆ ಸ್ವಲ್ಪ ಜಂಬ. ಆದರೆ ವರ್ಣಭೇದವನ್ನು ಬೈಬಲ್ ಹಿಡಿದು ಸಮರ್ಥಿಸಿದ ಬಿಳಿಯರ ಚರ್ಚೂ ಅಲ್ಲೇ ಇತ್ತು, ಅವರೂ ಭಾನುವಾರ ಕೀರ್ತನೆಗಳನ್ನೇ ಹಾಡುತ್ತಿದ್ದರು.

ಯಾವ ಹಾಡು ಯಾರ ಪರ ಅಂತ ಸ್ವರ ನೋಡಿ ಹೇಳಲು ಬರುವುದಿಲ್ಲ. ಯಾರು ಯಾರ ಜೊತೆ ನಿಂತು ಹಾಡಿದರು ಅಂತ ಕೇಳಬೇಕು.

ಕೇಳಲು ಶುರು ಮಾಡುವುದಾದರೆ ಪ್ಯಾರ್ಟ್ ಅವರ 'ಕ್ರೆಡೋ' ಮೊದಲು, ಹದಿಮೂರು ನಿಮಿಷದ ಆಸುಪಾಸು. ನಡುವಿನ ಗದ್ದಲಕ್ಕೆ ಆಫ್ ಮಾಡಬೇಡಿ. ಆಮೇಲೆ ಎಸ್ಟೋನಿಯಾದ ಹಾಡಿನ ಜಾತ್ರೆಯ ವಿಡಿಯೋ ಒಂದನ್ನು ನೋಡಿ, ಸಾವಿರಾರು ಜನ ಒಂದೇ ಉಸಿರು ಎಳೆಯುವುದು ಕಾಣುತ್ತೆ. ಮನೆ ಹತ್ತಿರದ್ದು ಬೇಕಿದ್ದರೆ 'ಕರುಣಾಳು ಬಾ ಬೆಳಕೆ' ಮತ್ತೆ ಕೇಳಿ. ಇಂಗ್ಲೆಂಡಿನ ಪಾದ್ರಿ ನ್ಯೂಮನ್ ಬರೆದ ಕ್ರೈಸ್ತ ಪ್ರಾರ್ಥನೆ ಅದು, ಕನ್ನಡಕ್ಕೆ ತಂದವರು ಬಿ.ಎಂ.ಶ್ರೀ. ಅವರೇ 1928ರಲ್ಲಿ, ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯಲ್ಲಿ, ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ವರ್ಡಿಯ ರೆಕ್ವಿಯಂ ಕೊನೆಗಿರಲಿ. ಒಂದೂವರೆ ಗಂಟೆ ಬೇಕು, ಇಯರ್‌ಫೋನ್ ಒಳ್ಳೆಯದಿರಲಿ, ಬಸ್ಸಿನಲ್ಲಿ ಮಾತ್ರ ಕೇಳಬೇಡಿ.